ಗ್ರೂಪ್ 17: ರಿವರೀನಾ ಪಶ್ಚಿಮದ ನಿಂತುಹೋದ ರಗ್ಬಿ ಲೀಗ್ ಬಗ್ಗೆ ಯಾರಿಗಾದ್ರೂ ಗೊತ್ತಾ?

ಗ್ರಿಫಿತ್ ಗೌಡ:
ಎಲ್ರಿಗೂ ನಮಸ್ಕಾರ. ಆಸ್ಟ್ರೇಲಿಯಾದಲ್ಲಿರೋ ನಮ್ಮವರು ಬಹಳ ಜನ ಸಿಡ್ನಿ ಮೆಲ್ಬರ್ನ್ ಕಡೆಯವರೇ, ಈ ವಿಷಯ ಎಷ್ಟು ಜನಕ್ಕೆ ಬೇಕಾಗುತ್ತೋ ಏನೋ, ಆದ್ರೂ ಒಂದು ತಿಂಗಳಿಂದ ತಲೇಲಿ ಕೊರೀತಾ ಇದೆ, ಬರೆದುಬಿಡ್ತೀನಿ.

ನಾನು ನ್ಯೂ ಸೌತ್ ವೇಲ್ಸ್ ರಾಜ್ಯದ ರಿವರೀನಾ ಅನ್ನೋ ಪ್ರದೇಶದ ಗ್ರಿಫಿತ್‌ಗೆ ಬಂದು ಒಂಬತ್ತು ವರ್ಷ ಆಯ್ತು. ನೀರಾವರಿ ಪಂಪ್ ರಿಪೇರಿ ಕೆಲಸ, ವಾರದಲ್ಲಿ ನಾಲ್ಕು ದಿನ ಗಾಡೀಲೇ ಇರ್ತೀನಿ. ಹೋದ ತಿಂಗಳು ಗೂಲ್ಗೌಯಿ ಹತ್ರ ಒಂದು ಪಂಪ್ ಕೆಟ್ಟಿತ್ತು, ಪಾರ್ಟ್ಸ್ ಬರೋಕೆ ಮಧ್ಯಾಹ್ನ ಆಗುತ್ತೆ ಅಂದ್ರು, ಸರಿ ಅಂತ ಊರೊಳಗಿನ ಮೈದಾನದ ಹತ್ರ ಗಾಡಿ ನಿಲ್ಸಿ, ಬೂಟು ಬಿಚ್ಚಿ ಹುಲ್ಲಿನ ಮೇಲೆ ಕಾಲಿಟ್ಟೆ ನೋಡಿ, ಅಂಗಾಲಿಗೆ ಚುಚ್ತು. ಕಿತ್ತು ನೋಡಿದ್ರೆ ನೆಗ್ಗಿಲು! ನಮ್ಮ ಹೊಲದ ಬದೂಲಿ ಸಿಗೋ ಅದೇ ನೆಗ್ಗಿಲ ಮುಳ್ಳು, ಇಲ್ಲಿಯವರು ಕ್ಯಾಟ್‌ಹೆಡ್ ಅಂತಾರೆ. ನಾಯಿ ಕರ್ಕೊಂಡು ಅಡ್ಡಾಡ್ತಿದ್ದ ಒಬ್ರು ಅಜ್ಜ ನೋಡಿ ಹತ್ರ ಬಂದ್ರು. ಮ್ಯಾಚ್ ದಿನ ಬೆಳಿಗ್ಗೆ ಹಳೇ ಕಾರ್ಪೆಟ್ಟಿಗೆ ಹಗ್ಗ ಕಟ್ಟಿ ಈ ಮೈದಾನದ ಮೇಲೆ ಆ ಕಡೆಯಿಂದ ಈ ಕಡೆಗೆ ಎಳೀತಿದ್ವಿ, ಮುಳ್ಳೆಲ್ಲ ಅದಕ್ಕೆ ಅಂಟ್ಕೊಂಡು ಬರೋದು, ಅಂದ್ರು. ಯಾವ ಮ್ಯಾಚು ಅಂತ ಕೇಳಿದೆ. ಗ್ರೂಪ್ 17 ಅಂದ್ರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನ್ಯೂ ಸೌತ್ ವೇಲ್ಸ್‌ನ ಹಳ್ಳಿ ಕಡೆಯ ರಗ್ಬಿ ಲೀಗನ್ನ ನಂಬರ್ ಹಾಕಿ ಗ್ರೂಪು ಗ್ರೂಪಾಗಿ ಮಾಡಿದಾರೆ. ವಾಗಾ ವಾಗಾ ಕಡೆ ಗ್ರೂಪ್ 9, ನಮ್ಮ ಗ್ರಿಫಿತ್ ಲೀಟನ್ ಕಡೆ ಗ್ರೂಪ್ 20. ಅದಕ್ಕೂ ಪಶ್ಚಿಮಕ್ಕೆ, ಭತ್ತದ ಗದ್ದೆ ಮುಗಿದು ಕುರಿ ಮೇಯೋ ಬಯಲು ಶುರುವಾಗೋ ಕಡೆ ಇದ್ದಿದ್ದು ಗ್ರೂಪ್ 17. ಹೇ (Hay), ಹಿಲ್‌ಸ್ಟನ್, ಗೂಲ್ಗೌಯಿ, ಐವನ್ಹೋ, ರ್ಯಾಂಕಿನ್ಸ್ ಸ್ಪ್ರಿಂಗ್ಸ್, ಬಾರೆಲನ್ ಇಂಥ ಊರುಗಳು. ಹೆಸರಿಗೆ ಬೇರೆ ಗ್ರೂಪು, ಆಟದ ಮಟ್ಟದಲ್ಲಿ ಗ್ರೂಪ್ 20ಗಿಂತ ಕೆಳಗಿನ ಎರಡನೇ ದರ್ಜೆ ಅಂತಲೇ ಎಲ್ರೂ ಲೆಕ್ಕ ಹಾಕೋದು. 2000ದ ದಶಕದ ನಡುವೆ ಎಲ್ಲೋ ನಿಂತೋಯ್ತು. ಹೇ ಊರಿನ ತಂಡ ಗ್ರೂಪ್ 20ಗೆ ಹೋಯ್ತು, ಉಳಿದ ಊರುಗಳ ಮೈದಾನ ಹಂಗೇ ಖಾಲಿ ಬಿತ್ತು.

ಮನೆಗೆ ಬಂದು ರಾತ್ರಿ ಹುಡುಕ್ದೆ. ಯಾವ ವರ್ಷ ಯಾರು ಗೆದ್ರು, ಫೈನಲ್ ಎಲ್ಲಿ ನಡೀತು, ಯಾರು ಕ್ಯಾಪ್ಟನ್, ಪೂರ್ತಿ ಪಟ್ಟಿ ಒಂದು ಕಡೇನೂ ಸಿಗ್ಲಿಲ್ಲ. ಹಳೇ ಕಾಲದಲ್ಲಿ ಆಡಿದವರಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಯಾರ ಹತ್ರಾನಾದ್ರೂ ಏನಾದ್ರೂ ಇದ್ಯಾ? ಪೇಪರ್ ಕಟಿಂಗ್, ಫೋಟೋ, ಕೇಳಿದ ಮಾತು, ಏನಾದ್ರೂ ಸರಿ.

ಮಲ್ಲೇಶ್ವರಂ ಹುಡ್ಗ:
ಸಾರ್ ಒಂದು ಡೌಟು, ರಗ್ಬಿ ಅಂದ್ರೆ ಒಂದೇ ಅಲ್ವಾ? ರಗ್ಬಿ ಲೀಗ್ ಅಂದ್ರೆ ಐಪಿಎಲ್ ಥರ ಟೂರ್ನಮೆಂಟ್ ಹೆಸರು ಅನ್ಕೊಂಡಿದ್ದೆ.

ಗ್ರಿಫಿತ್ ಗೌಡ:
ಇಲ್ಲ ತಮ್ಮ, ಎರಡು ಬೇರೆ ಬೇರೆ ಆಟ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಜಾರ್ಜ್ ಹೋಟೆಲಲ್ಲಿ ಕೂತು ಉತ್ತರದ ಕ್ಲಬ್ಬುಗಳು ರಗ್ಬಿ ಯೂನಿಯನ್ ಬಿಟ್ಟು ಹೊರಗೆ ಬಂದ್ರು. ಜಗಳ ಯಾವುದಕ್ಕೆ ಗೊತ್ತಾ? ಗಣಿ, ಮಿಲ್ ಕೆಲಸದವರು ಶನಿವಾರ ಆಟಕ್ಕೆ ಬಂದ್ರೆ ಆ ದಿನದ ಕೂಲಿ ಹೋಗ್ತಿತ್ತು, ಆ ಕೂಲಿ ಕಟ್ಟಿಕೊಡಿ ಅಂತ ಇವರು, ಕೊಡಲ್ಲ ಅಂತ ದಕ್ಷಿಣದ ದೊಡ್ಡ ಮನುಷ್ಯರು. ಆಮೇಲೆ ನಿಯಮಾನೂ ಬದಲಾಗ್ತಾ ಬಂತು. ಲೀಗಲ್ಲಿ 13 ಜನ, ಯೂನಿಯನ್‌ನಲ್ಲಿ 15. ಲೀಗಲ್ಲಿ ಹಿಡಿದು ಕೆಡವಿದ ಮೇಲೆ ಎದ್ದು ನಿಂತು ಚೆಂಡನ್ನ ಕಾಲಲ್ಲಿ ಹಿಂದಕ್ಕೆ ತಳ್ಳಿ ಆಟ ಮುಂದುವರಿಸ್ತಾರೆ, ಆರು ಸಲ ಹಿಡಿಸ್ಕೊಂಡ್ರೆ ಚೆಂಡು ಎದುರಿನವರಿಗೆ. ಸಿಡ್ನಿಗೆ ಬಂದಿದ್ದು 1907-08ರಲ್ಲಿ. ಕೂಲಿಯವರ ಆಟ, ಅದಕ್ಕೇ ಹಳ್ಳಿ ಕಡೆ ಬೇಗ ಹಬ್ಬಿದ್ದು ಅಂತ ನನ್ನ ಅನಿಸಿಕೆ.

ವಿಜಾಪುರದಾಕಿ:
ಗೌಡ್ರ, ನೆಗ್ಗಿಲ ಮುಳ್ಳಿನ ಸುದ್ದಿ ಓದಿ ಒಮ್ಮೆಲೆ ನಮ್ಮ ಹೊಲ ಕಣ್ಣ ಮುಂದ ಬಂತ್ರಿ. ನಾ ಹೇ ಊರಾಗ ಇದ್ದು ಆರು ವರ್ಷ ಆತು, ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸ. ಇಲ್ಲಿ ನೆಲಾನೂ ನಮ್ಮ ಎರಿ ಹೊಲದಂಗ ಬ್ಯಾಸಗ್ಯಾಗ ಬಿರುಕು ಬಿಡ್ತೈತಿ, ಮಳಿ ಆದ್ರ ಕಾಲು ಕಿತ್ತಾಕ ಬರಂಗಿಲ್ಲ. ಸುತ್ತ ಒಂದು ಗುಡ್ಡ ಇಲ್ಲ, ದಿಣ್ಣಿ ಇಲ್ಲ. ಬಂದ ಹೊಸದಾಗಿ ಇಷ್ಟು ಆಕಾಶ ನೋಡಿ ನನಗ ಅಂಜಿಕಿ ಬಂದಿತ್ತು.

ನಾ ನೋಡ್ಕೊಳ್ಳೋ ಅಜ್ಜಿ ಒಬ್ರು ಅದಾರ, ತೊಂಬತ್ತರ ಹತ್ರ ವಯಸ್ಸು. ಹೇ ತಂಡ ಅಂದ್ರ ಮ್ಯಾಗ್ಪೈಸ್, ಕರಿ ಬಿಳಿ ಜರ್ಸಿ. ಹನ್ನೊಂದು ವರ್ಷ ಆ ಜರ್ಸಿ ಒಗದಾಕಿ ಇದ ಅಜ್ಜಿ ಅಂತ. ರವಿವಾರ ರಾತ್ರಿ ಚೀಲದಾಗ ತುಂಬಿ ಕಟ್ಟಿ ಮ್ಯಾಲ ತಂದು ಇಟ್ಟು ಹೋಗೋರಂತ. ಬಿಳಿ ಬಟ್ಟಿ ಮ್ಯಾಲಿನ ರಕ್ತದ ಕಲಿ ಬಿಸಿನೀರಾಗ ಹಾಕಿದ್ರ ಹೋಗಂಗಿಲ್ಲ, ತಣ್ಣೀರಾಗ ಉಪ್ಪು ಹಾಕಿ ನೆನಸಬೇಕು, ಅಂತ ನನಗ ಹೇಳಿ ಕೊಟ್ರು. ನಮ್ಮವ್ವನೂ ಹಂಗ ಮಾಡ್ತಿದ್ಲು. ಥಂಡಿ ದಿನ, ದಪ್ಪ ಬಟ್ಟಿ, ಬುಧವಾರ ಆದ್ರೂ ಕಾಲರ್ ಒಣಗತಿದ್ದಿಲ್ಲಂತ, ಒಲಿ ಮುಂದ ಕುರ್ಚಿ ಬೆನ್ನಿಗೆ ಹಾಕಿ ಒಣಗಿಸ್ತಿದ್ರಂತ. ಯಾರ ಜರ್ಸಿ ಎಲ್ಲಿ ಹರೀತೈತಿ ಅನ್ನೋದು ಆಕಿಗೆ ಇವತ್ತಿಗೂ ನೆನಪೈತಿ. ನಂಬರ್ 8 ಯಾವಾಗಲೂ ಬಗಲಾಗ, ನಂಬರ್ 2 ಬೆನ್ನಾಗ, ಯಾಕಂದ್ರ ಅಂವ ಓಡಾಂವ, ಹಿಂದಿನಿಂದ ಜಗ್ಗತಿದ್ರು.

ಇನ್ನ ದೂರದ ಮಾತು. ಐವನ್ಹೋದಿಂದ ಹೇ ಊರಿಗೆ ಇನ್ನೂರು ಕಿಲೋಮೀಟರ್ ಮ್ಯಾಲ ಐತಿ, ನಡುವ ಬೂಲಿಗಲ್ ಬಿಟ್ರ ಊರಂಬೋದ ಇಲ್ಲ, ಆ ರಸ್ತಾ ಎಷ್ಟೋ ವರ್ಷ ಅರ್ಧಕ್ಕರ್ಧ ಮಣ್ಣಿಂದ ಇತ್ತು. ಮಳಿ ಬಂದ್ರ ಬಂದ್. ಮ್ಯಾಚ್ ಆಡಿ ಸಂಜಿಗೆ ಹೊಂಟ್ರ ಕತ್ತಲದಾಗ ಕಾಂಗರೂ ಅಡ್ಡ ಬರ್ತಾವ. ಅಷ್ಟ ಆದ್ರೂ ಬರ್ತಿದ್ರು.

ವಾಗಾ ವಾಸಿ:
ಗೌಡ್ರೇ, ಅಕ್ಕ ಬರೆದಿದ್ದು ಓದಿ ನಂಗೂ ಮನಸಿಗೆ ತಟ್ತು, ಆದ್ರೆ ಇನ್ನೊಂದು ಮಗ್ಗುಲೂ ನೋಡ್ಬೇಕು. ನನ್ನ ಮಗ ಇಲ್ಲಿ ವಾಗಾದಲ್ಲಿ ಜೂನಿಯರ್ ಲೀಗ್ ಆಡ್ತಾನೆ, ಕ್ಲಬ್ ಕಮಿಟೀಲಿ ನಾಲ್ಕು ವರ್ಷದಿಂದ ಇದೀನಿ, ಹಾಗಾಗಿ ಲೆಕ್ಕ ಗೊತ್ತು. ಒಂದು ತಂಡ ಅಂದ್ರೆ 13 ಜನ, ಮೇಲೆ ಬೆಂಚಲ್ಲಿ 4, ಅಲ್ಲಿಗೆ 17. ಫಸ್ಟ್ ಗ್ರೇಡ್, ರಿಸರ್ವ್ ಗ್ರೇಡ್, 18ರ ಒಳಗಿನವರು ಅಂತ ಮೂರು ತಂಡ ಇಳಿಸ್ಬೇಕು ಅಂದ್ರೆ ಐವತ್ತು ಹುಡುಗರು, ಪ್ರತಿ ಭಾನುವಾರ, ಗಾಯ ಆದವರನ್ನ ಬಿಟ್ಟು. ಇನ್ನೂರು ಮುನ್ನೂರು ಜನ ಇರೋ ಊರಲ್ಲಿ ಐವತ್ತು ಹುಡುಗರನ್ನ ಎಲ್ಲಿಂದ ತರ್ತೀರಿ? ಮೊದಲು ಒಂದು ಕುರಿ ಫಾರ್ಮಲ್ಲಿ ಆರು ಜನ ಆಳು ಇರ್ತಿದ್ರು, ಈಗ ಅಪ್ಪ ಮಗ ಇಬ್ರೇ ನಾಲ್ಕು ಫಾರ್ಮ್ ನೋಡ್ಕೋತಾರೆ, ಟ್ರ್ಯಾಕ್ಟರ್ ಅಷ್ಟು ದೊಡ್ಡದಾಗಿದೆ.

ಅದೂ ಅಲ್ದೆ ಈ ಕಡೆ ಆಸ್ಟ್ರೇಲಿಯನ್ ರೂಲ್ಸ್ ಅನ್ನೋ ಇನ್ನೊಂದು ಥರದ ಫುಟ್ಬಾಲ್ ಜೊತೆಗೂ ಹುಡುಗರನ್ನ ಹಂಚ್ಕೋಬೇಕು. ಬರಾಸಿ ಲೈನ್ ಅಂತ ಒಂದು ಮಾತಿದೆ, 1978ರಲ್ಲಿ ಇಯಾನ್ ಟರ್ನರ್ ಅನ್ನೋ ಇತಿಹಾಸದ ಪ್ರೊಫೆಸರ್ ಹೇಳಿದ್ದು, ಗೆರೆಯ ಒಂದು ಕಡೆ ರಗ್ಬಿ, ಇನ್ನೊಂದು ಕಡೆ ರೂಲ್ಸ್. ರಿವರೀನಾದಲ್ಲಿ ಆ ಗೆರೆ ಊರ ಮಧ್ಯದಲ್ಲೇ ಹೋಗುತ್ತೆ. ಹೇ ಊರಲ್ಲಿ ಮ್ಯಾಗ್ಪೈಸೂ ಇದಾರೆ, ರೂಲ್ಸ್ ಆಡೋ ಲಯನ್ಸೂ ಇದಾರೆ. ಬಾರೆಲನ್ ಅಷ್ಟು ಸಣ್ಣ ಊರು, ಅಲ್ಲೂ ಎರಡೂ.

ಅದಕ್ಕೇ ಕ್ಲಬ್ಬುಗಳು ಸೇರ್ಕೊಂಡ್ವು. ಗ್ರೂಪ್ 20 ಹೆಸರುಗಳನ್ನೇ ನೋಡಿ, ಡಾರ್ಲಿಂಗ್ಟನ್ ಪಾಯಿಂಟ್-ಕೋಲಿಯಾಂಬಲಿ, ಯಾಂಕೋ-ವಾಮೂನ್, ಟಲ್ಲಿಬಿಜೀಲ್ ಲೇಕ್ಸ್ ಯುನೈಟೆಡ್. ಎರಡು ಊರಿನ ಹೆಸರು ಇದೆ ಅಂದ್ರೆ ಯಾವತ್ತೋ ಒಂದು ದಿನ ಎರಡು ಕಮಿಟಿ ಕೂತು ಒಂದಾಗಿದೆ ಅಂತ ಅರ್ಥ. ನಂಗೆ ಅದ್ರಲ್ಲಿ ತಪ್ಪು ಕಾಣಲ್ಲ. ಹೇ ತಂಡ ದೊಡ್ಡ ಗ್ರೂಪಿಗೆ ಹೋಗಿದ್ದೂ ಸರೀನೇ, ಅಲ್ಲಿ ಹುಡುಗರಿಗೆ ಒಳ್ಳೆ ಆಟ ಸಿಗುತ್ತೆ. ಸ್ಟೀವ್ ಮಾರ್ಟಿಮರ್ ಇದೇ ವಾಗಾದ ಟರ್ವಿ ಪಾರ್ಕ್ ಕ್ಲಬ್ಬಿಂದ ಹೋಗಿ 1985ರಲ್ಲಿ ನ್ಯೂ ಸೌತ್ ವೇಲ್ಸ್‌ಗೆ ಮೊದಲ ಒರಿಜಿನ್ ಸೀರೀಸ್ (ಕ್ವೀನ್ಸ್‌ಲ್ಯಾಂಡ್ ಜೊತೆ ಪ್ರತಿ ವರ್ಷ ಆಡೋದು) ಗೆಲ್ಸಿಕೊಟ್ಟ. ಮೇಲಿನ ದರ್ಜೆ ಆಟ ಇದ್ರೇನೇ ಅಂಥವರು ಬರೋದು.

ಗ್ರಿಫಿತ್ ಗೌಡ:
ವಾಗಾದವರೇ, ನೀವು ಹೇಳಿದ ಲೆಕ್ಕ ಒಪ್ತೀನಿ, ಕೊನೇ ಮಾತು ಒಪ್ಪಲ್ಲ. ಎರಡನೇ ದರ್ಜೆ ಅನ್ನೋದನ್ನ ಮೇಲೆ ಹತ್ತೋ ಮೆಟ್ಟಿಲು ಅಂತ ನೀವು ನೋಡ್ತಿದೀರಿ. ಗೂಲ್ಗೌಯಿ ಹುಡುಗನಿಗೆ ಅದೇ ಮನೆ. ಮೂರು ಗ್ರೇಡ್ ಇಲ್ದೆ, ದುಡ್ಡು ಕೊಟ್ಟು ಹೊರಗಿಂದ ಕೋಚ್ ತರದೆ, ಇರೋ ಹದಿನೇಳು ಜನರನ್ನ ಇಟ್ಕೊಂಡು ಒಂದು ಊರು ತನ್ನ ಹೆಸರಲ್ಲೇ ಆಡೋಕೆ ಇರೋ ಒಂದೇ ದಾರಿ ಅದು. ಅದನ್ನ ಮುಚ್ಚಿದ್ರೆ ಆ ಹುಡುಗರು ಮೇಲಕ್ಕೆ ಹೋಗಲ್ಲ, ಆಟಾನೇ ಬಿಡ್ತಾರೆ. ಬಲವಾಗಿರೋ ಒಂದು ಊರು ಮೇಲಕ್ಕೆ ಹೋದ ಕೂಡ್ಲೆ ಉಳಿದವರಿಗೆ ಡ್ರಾ, ಅಂದ್ರೆ ಮ್ಯಾಚ್ ವೇಳಾಪಟ್ಟಿ, ಮಾಡೋಕೆ ತಂಡಗಳೇ ಸಾಲಲ್ಲ. ಇಲ್ಲಿ ಆಗಿದ್ದು ಅದೇ.

ಕಾಲಾನೂ ಕೆಟ್ಟದಿತ್ತು. 1997ರಿಂದ 2009ರ ತನಕ ಬರ, ಮಿಲೇನಿಯಂ ಡ್ರೌಟ್ ಅಂತಾರಲ್ಲ ಅದು. ಈ ಕಡೆ ಒಳ್ಳೆ ವರ್ಷದಲ್ಲಿ ಭತ್ತ ಹತ್ತು ಲಕ್ಷ ಟನ್ ದಾಟ್ತಿತ್ತು, 2008ರಲ್ಲಿ ಇಡೀ ದೇಶದ್ದು 20 ಸಾವಿರ ಟನ್‌ಗೂ ಕಮ್ಮಿ. ಡೆನಿಲಿಕ್ವಿನ್‌ನ ದೊಡ್ಡ ಅಕ್ಕಿ ಮಿಲ್ಲೇ ಕೆಲವು ವರ್ಷ ಬಾಗಿಲು ಹಾಕ್ತು. ನೀರಿಲ್ದೆ ಮೈದಾನದ ಹುಲ್ಲೂ ಸತ್ತೋಯ್ತು, ಬರೀ ನೆಲದ ಮೇಲೆ ಟ್ಯಾಕಲ್ ಮಾಡಿದ್ರೆ ಮೊಣಕೈ ಚರ್ಮ ಕಿತ್ತು ಬರುತ್ತೆ. ಹುಡುಗರು ಗಣಿ ಕೆಲಸಕ್ಕೆ, ಸಿಟಿಗೆ ಹೋದ್ರು. ಇನ್ನೊಂದು ವಿಷಯ ಯಾರೂ ಹೇಳಲ್ಲ, ದುಡ್ಡಿನದ್ದು. 1956ರಿಂದ ಜೂಜಿನ ಮಷೀನು ಕ್ಲಬ್ಬುಗಳಲ್ಲಿ ಮಾತ್ರ ಇಡಬಹುದಿತ್ತು, ಆ ದುಡ್ಡಲ್ಲಿ ಎಷ್ಟೋ ಹಳ್ಳಿ ತಂಡ ನಡೀತಿತ್ತು. 1997ರಲ್ಲಿ ಪಬ್ಬುಗಳಿಗೂ ಬಿಟ್ರು. ಜೂಜು ಒಳ್ಳೇದು ಅಂತ ನಾನು ಹೇಳ್ತಿಲ್ಲ, ನಂಗದು ಕಂಡ್ರಾಗಲ್ಲ, ಆದ್ರೆ ಬರ ಬಂದಿದ್ದೂ ಆ ದುಡ್ಡು ಕಮ್ಮಿ ಆಗಿದ್ದೂ ಒಂದೇ ಕಾಲಕ್ಕೆ.

ಕ್ಯಾನ್‌ಬೆರಾ ಕಾವೇರಿ:
ತುಂಬಾ ಒಳ್ಳೆ ಚರ್ಚೆ. ಗೌಡ್ರ ಮಾತಿಗೆ ಒಂದು ಪುರಾವೆ ಕೊಡ್ತೀನಿ, ನಮ್ಮ ಕ್ಯಾನ್‌ಬೆರಾ ಸುತ್ತಮುತ್ತ ಜಾರ್ಜ್ ಟೂಕ್ ಶೀಲ್ಡ್ ಅಂತ ಎರಡನೇ ದರ್ಜೆ ಇದೆ, ಬೂರೋವಾ, ಬಂಜೆಂಡೋರ್, ಕ್ರುಕ್‌ವೆಲ್, ಬಿನಲಾಂಗ್ ಇಂಥ ಊರುಗಳು ಅದ್ರಲ್ಲಿ ಆಡಿವೆ. ಸೆಂಟ್ರಲ್ ವೆಸ್ಟ್ ಕಡೆ ವುಡ್‌ಬ್ರಿಜ್ ಕಪ್. ಊರುಗಳು ಹತ್ರ ಹತ್ರ ಇರೋದ್ರಿಂದ ಉಸಿರಾಡ್ತಿವೆ. ಹಾಗಾಗಿ ಎರಡನೇ ದರ್ಜೆ ಅನ್ನೋದೇ ನಡೆಯಲ್ಲ ಅನ್ನೋದು ಸುಳ್ಳು, ದೂರ ಜಾಸ್ತಿ ಆದ್ರೆ ಕಷ್ಟ ಅಷ್ಟೇ.

ದಾಖಲೆ ಯಾಕೆ ಸಿಗ್ತಿಲ್ಲ ಅನ್ನೋದಕ್ಕೆ ನನ್ನ ಹತ್ರ ಒಂದು ಕಾರಣ ಇದೆ, ಲೈಬ್ರರಿ ಕೆಲಸದವಳು ನಾನು. ಮಾಹೆರ್ ಕಪ್ ಗೊತ್ತಾ? ಟ್ಯೂಮಟ್ ಊರಿನ ಹೋಟೆಲ್ ಮಾಲೀಕ ಟೆಡ್ ಮಾಹೆರ್ 1920ರಲ್ಲಿ ಕೊಟ್ಟ ಬೆಳ್ಳಿ ಕಪ್ಪು. ಟ್ಯೂಮಟ್, ಗುಂಡಗಾಯ್, ಕೂಟಮುಂಡ್ರ, ಯಂಗ್, ಟೆಮೋರಾ, ಜೂನೀ ಈ ಊರುಗಳ ಮಧ್ಯೆ ಅದಕ್ಕೋಸ್ಕರ 1971ರ ತನಕ ಕಾದಾಟ. ಲೀಗ್ ಥರ ಪಾಯಿಂಟ್ಸ್ ಟೇಬಲ್ ಇಲ್ಲ, ಕಪ್ ಇಟ್ಕೊಂಡಿರೋ ಊರಿಗೆ ಬೇರೆ ಊರು ಬಂದು ಸವಾಲು ಹಾಕೋದು, ಗೆದ್ರೆ ಎತ್ಕೊಂಡು ಹೋಗೋದು, ನಮ್ಮ ಕಡೆ ಕುಸ್ತೀಲಿ ಗದೆ ಇರುತ್ತಲ್ಲ ಆ ಥರ. ಸ್ಪೆಷಲ್ ಟ್ರೈನ್ ಬಿಡ್ತಿದ್ರು, ಅಂಗಡಿ ಮುಚ್ಚಿ ಜನ ಹೋಗ್ತಿದ್ರು. ಆ ಕಪ್ಪಿನ ಬಗ್ಗೆ ಇವತ್ತು ರಾಶಿ ಮಾಹಿತಿ ಸಿಗುತ್ತೆ, ಯಾಕಂದ್ರೆ ನ್ಯಾಷನಲ್ ಲೈಬ್ರರಿಯ ಟ್ರೋವ್ ವೆಬ್‌ಸೈಟಲ್ಲಿ ಹಳೇ ಊರ ಪೇಪರ್ ಎಲ್ಲ ಸ್ಕ್ಯಾನ್ ಆಗಿದೆ, ಆದ್ರೆ ಕಾಪಿರೈಟ್ ಕಾರಣಕ್ಕೆ ಹೆಚ್ಚಿನ ಪೇಪರ್ 1954ಕ್ಕೆ ನಿಲ್ಲುತ್ತೆ. ಗ್ರೂಪ್ 17ರ ಒಳ್ಳೆ ದಿನಗಳೆಲ್ಲ ಅದರ ಆಚೆ. ಸ್ಕ್ಯಾನ್ ಆಗಿಲ್ಲ, ಹಾಗಾಗಿ ಹುಡುಕಿದ್ರೆ ಬರಲ್ಲ, ಬರಲ್ಲ ಅಂದ್ರೆ ಇರ್ಲೇ ಇಲ್ಲ ಅನ್ನೋ ಹಂಗಾಗಿದೆ. ಹೇ ಊರಿನ ರಿವರೈನ್ ಗ್ರೇಜಿಯರ್ 1873ರಿಂದ ಬರ್ತಿರೋ ಪೇಪರ್, ಅದರ 1954ರ ಆಚೆಯ ಸಂಚಿಕೆ ಮೈಕ್ರೋಫಿಲ್ಮ್‌ನಲ್ಲಿ ನೋಡ್ಬೇಕು. ಕೂತು ಒಂದೊಂದೇ ಪುಟ ತಿರುಗಿಸ್ಬೇಕು, ಬೇರೆ ದಾರಿ ಇಲ್ಲ.

ಮಲ್ಲೇಶ್ವರಂ ಹುಡ್ಗ:
ಮೇಡಂ ಇದು ಗೊತ್ತೇ ಇರ್ಲಿಲ್ಲ. ಅಂದ್ರೆ ನೂರು ವರ್ಷದ ಹಿಂದಿನ ಮ್ಯಾಚ್ ಸ್ಕೋರ್ ಮನೇಲಿ ಕೂತು ಸಿಗುತ್ತೆ, 1985ರ ಮ್ಯಾಚ್ ಸಿಗಲ್ಲ!

ಕ್ಯಾನ್‌ಬೆರಾ ಕಾವೇರಿ:
ಹೂಂ, ಅದೇ ಆಗಿರೋದು.

ಲೀಟನ್ ರಂಗಣ್ಣ:
ನಾನು ಸ್ವಲ್ಪ ತಡವಾಗಿ ಓದ್ತಿದೀನಿ. ಗೌಡ್ರೇ, ನಿಂತೋಯ್ತು ಅಂತ ಬರೆದಿದೀರಲ್ಲ, ಅದು ಪೂರ್ತಿ ನಿಜ ಅಲ್ಲ. ಆಮೇಲೆ ವೆಸ್ಟರ್ನ್ ರಿವರೀನಾ ಕಮ್ಯುನಿಟಿ ಕಪ್ ಅಂತ ಶುರು ಮಾಡಿದ್ರು, ಕೋಳಿ ಸಾಕೋ ಕಂಪನಿ ಪ್ರೋಟೆನ್ ಸ್ಪಾನ್ಸರ್ ಮಾಡಿ ಪ್ರೋಟೆನ್ ಕಪ್ ಅಂತಲೂ ಕರೀತಿದ್ರು. ಗೂಲ್ಗೌಯಿ ರ್ಯಾಬಿಟೋಸ್, ಹಿಲ್‌ಸ್ಟನ್ ಬ್ಲೂಬರ್ಡ್ಸ್, ಐವನ್ಹೋ ರೂಸ್ಟರ್ಸ್, ಬಾರೆಲನ್ ರ್ಯಾಮ್ಸ್, ರ್ಯಾಂಕಿನ್ಸ್ ಸ್ಪ್ರಿಂಗ್ಸ್ ಡ್ರ್ಯಾಗನ್ಸ್, ಹಳೇ ಹೆಸರು ಹಳೇ ಬಣ್ಣ ಎಲ್ಲ ಎದ್ದು ಬಂತು. ನಾನು ಬಾರೆಲನ್‌ನಲ್ಲಿ ಒಂದು ಮ್ಯಾಚ್ ನೋಡಿದೀನಿ. ಟೆನಿಸ್ ಆಟಗಾರ್ತಿ ಇವೋನ್ ಗೂಲಗಾಂಗ್ ಬೆಳೆದ ಊರು ಅದು, ಪಾರ್ಕಲ್ಲಿ ಸುಮಾರು 14 ಮೀಟರ್ ಉದ್ದದ ಟೆನಿಸ್ ರಾಕೆಟ್ ನಿಲ್ಸಿದಾರೆ, ಮಕ್ಕಳಿಗೆ ಅದನ್ನ ತೋರಿಸೋಕೆ ಅಂತ ಹೋಗಿದ್ದೆ, ಆಟ ನಡೀತಿತ್ತು, ನಿಂತ್ಬಿಟ್ಟೆ. ಮೈದಾನದ ಸುತ್ತ ಕಾರುಗಳನ್ನ ಒಳಮುಖ ಮಾಡಿ ನಿಲ್ಸಿರ್ತಾರೆ, ಟ್ರೈ ಬಿದ್ರೆ (ಚೆಂಡನ್ನ ಎದುರಿನವರ ಗೆರೆ ಆಚೆ ನೆಲಕ್ಕೆ ಮುಟ್ಟಿಸಿದ್ರೆ) ಎಲ್ರೂ ಕೂತಲ್ಲೇ ಹಾರ್ನ್ ಹೊಡೀತಾರೆ. ಸಣ್ಣ ಮಗಳು ಹೆದರಿ ಅತ್ಲು, ಆಮೇಲೆ ಅವಳೇ ಯಾವಾಗ ಹೊಡೀತಾರೆ ಅಂತ ಕಾಯ್ತಿದ್ಲು.

ಗ್ರಿಫಿತ್ ಗೌಡ:
ರಂಗಣ್ಣ, ಕಮ್ಯುನಿಟಿ ಕಪ್ ವಿಷಯ ಬಿಟ್ಟಿದ್ದು ನನ್ನ ತಪ್ಪು, ಒಪ್ಕೊಂಡೆ. ಅದು ಬಂದಿದ್ದು ಬಹಳ ಖುಷಿ. ಆದ್ರೂ ಗ್ರೂಪ್ 17 ಬೇರೆ, ಇದು ಬೇರೆ ಅಂತಲೇ ನಂಗನ್ಸುತ್ತೆ. ಅಜ್ಜ ಹೇಳಿದ್ರು, ಆಗ ತಮ್ಮದೇ ಕಮಿಟಿ, ತಮ್ಮದೇ ರೆಫರಿಗಳು, ಡ್ರಾ ತಾವೇ ಕೂತು ಬರೀತಿದ್ವಿ ಅಂತ. ಕುರಿ ಉಣ್ಣೆ ಕತ್ತರಿಸೋ ಸೀಸನ್ ನೋಡ್ಕೊಂಡು ಮ್ಯಾಚ್ ಇಡ್ತಿದ್ರಂತೆ. ಸಣ್ಣ ಊರುಗಳು ತಮ್ಮ ಆಟವನ್ನ ತಾವೇ ನಡೆಸ್ಕೊಂಡ್ರಲ್ಲ, ಆ ಭಾಗ ಎಲ್ಲೂ ಬರೆದಿಲ್ಲ.

ವಾಗಾ ವಾಸಿ:
ಕಮ್ಯುನಿಟಿ ಕಪ್ ನಾನೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಎಷ್ಟೋ ವರ್ಷ ಖಾಲಿ ಬಿದ್ದ ಮೈದಾನಕ್ಕೆ ಅದೇ ಬಣ್ಣದ ಜರ್ಸಿ ಹಾಕ್ಕೊಂಡು ಹುಡುಗರು ವಾಪಸ್ ಬಂದ್ರು ಅಂದ್ರೆ, ಬೇಡ ಅಂತ ಊರವರು ಬಿಟ್ಟಿರ್ಲಿಲ್ಲ ಅಂತಾಯ್ತು. ನಾನು ಮೊದಲು ಬರೆದಿದ್ದು ಸ್ವಲ್ಪ ಆತುರ. ನಮ್ಮ ಕಮಿಟೀಲಿ ಗ್ರೂಪ್ 17ನಲ್ಲಿ ಆಡಿದ ಇಬ್ರು ಇದಾರೆ, ಭಾನುವಾರ ಕೇಳಿ ಬರ್ಕೊಂಡು ಬರ್ತೀನಿ.

ವಿಜಾಪುರದಾಕಿ:
ಇಲ್ಲಿ ಗ್ರಿಫಿತ್ ಸಿಖ್ ಗೇಮ್ಸ್‌ಗೆ ಜೂನ್‌ದಾಗ ಕಬಡ್ಡಿ ನೋಡಾಕ ಹೋಗಿದ್ನಿ, ಅಲ್ಲೂ ಹಿಂಗ ಮುದುಕರು ಗೆರಿ ಹತ್ರ ಕುಂತು ಹಳೇ ಆಟದ ಮಾತು ಆಡ್ತಿದ್ರು. ಇರ್ಲಿ, ಈಗ ಕೆಲಸದ ಮಾತು ಹೇಳ್ತೀನಿ. ನಿನ್ನೆ ಅಜ್ಜಿನ್ನ ಕೇಳಿದ್ನಿ. ಒಂದು ಮರದ ಹಲಗಿ ಐತಿ, ವರ್ಷ, ಗೆದ್ದ ತಂಡ, ಕ್ಯಾಪ್ಟನ್ ಹೆಸರು ಬಂಗಾರದ ಬಣ್ಣದಾಗ ಬರದಾರ, ಅಂದ್ರು. ಆಕಿ ಗಂಡನ ಹೆಸರೂ ಐತಂತ ಅದರಾಗ, ಎರಡು ಸಲ. ಎಲ್ಲೈತಿ ಅಂದ್ರ ಹಳೇ ಹಾಲ್ ಒಂದರ ಹಿಂದಿನ ಖೋಲ್ಯಾಗ, ಗ್ವಾಡಿ ಮ್ಯಾಲ ಎತ್ತರಕ್ಕ ಬಡದಾರ. ಕೀಲಿ ಯಾರ ಹತ್ರ ಐತಿ ಅನ್ನೋದು ಅಜ್ಜಿ ಮಗನಿಗೆ ಗೊತ್ತೈತಿ. ನನ್ನ ಫೋನ್‌ದಾಗ ಫೋಟೋ ಸುಮಾರ ಬರ್ತಾವ, ಮತ್ತ ಅಲ್ಲಿ ಲೈಟಿಲ್ಲ.

ಗ್ರಿಫಿತ್ ಗೌಡ:
ಅಕ್ಕ!! ಇದೇ ಬೇಕಿತ್ತು. ಶನಿವಾರ ನಂಗೆ ರಜ, ಬೆಳಿಗ್ಗೆ ಆರಕ್ಕೆ ಹೊರಟ್ರೆ ಎಂಟರ ಒಳಗೆ ಹೇ ತಲುಪ್ತೀನಿ. ಪಂಪ್ ಕೆಲಸದ್ದು ಚಾರ್ಜಿಂಗ್ ಲೈಟ್ ಇದೆ, ಒಳ್ಳೆ ಕ್ಯಾಮೆರಾ ರಂಗಣ್ಣನ ಹತ್ರ ಇರ್ಬೇಕಲ್ಲ?

ಲೀಟನ್ ರಂಗಣ್ಣ:
ಇದೆ, ನಾನೂ ಬರ್ತೀನಿ, ಗ್ರಿಫಿತ್‌ನಲ್ಲಿ ಹತ್ತಿಸ್ಕೊಳ್ಳಿ.

ಕ್ಯಾನ್‌ಬೆರಾ ಕಾವೇರಿ:
ಫ್ಲ್ಯಾಶ್ ಹಾಕ್ಬೇಡಿ, ಬಂಗಾರದ ಬಣ್ಣ ಹೊಳೆದು ಅಕ್ಷರ ಕಾಣಲ್ಲ. ಲೈಟನ್ನ ಪಕ್ಕದಿಂದ ಹಿಡೀರಿ, ಎದುರಿಂದ ಬೇಡ. ಒಂದೊಂದು ಸಾಲಿಗೂ ಬೇರೆ ಬೇರೆ ಫೋಟೋ ತೆಗೀರಿ, ಇಲ್ಲಿ ಹಾಕಿ, ನಾನು ಟೈಪ್ ಮಾಡ್ತೀನಿ. ಒರೆಸೋಕೆ ನೀರು ಸೋಪು ಏನೂ ಮುಟ್ಟಿಸ್ಬೇಡಿ, ಒಣ ಮೆತ್ತನೆ ಬಟ್ಟೆ ಮಾತ್ರ.

ವಿಜಾಪುರದಾಕಿ:
ಆತ್ರಿ. ಅಜ್ಜಿನೂ ಬರ್ತೀನಿ ಅನ್ನಾಕತ್ತಾರ, ವೀಲ್‌ಚೇರ್ ಗಾಡ್ಯಾಗ ಹಾಕ್ಕೊಂಡು ಕರ್ಕೊಂಡು ಬರ್ತೀನಿ. ಗೌಡ್ರ, ನಿಚ್ಚಣಿಕಿ ಐತೇನು? ಮ್ಯಾಲಿನ ಸಾಲು ಕೆಳಗ ನಿಂತು ಓದಾಕ ಬರಂಗಿಲ್ಲಂತ, ಹಳೇವು ಎಲ್ಲ ಅಲ್ಲೇ ಅದಾವ.

ಗ್ರಿಫಿತ್ ಗೌಡ:
ಏಣಿ ಗಾಡಿ ಮೇಲೇ ಕಟ್ಟಿದೆ ಅಕ್ಕ, ಇಳಿಸಿಲ್ಲ.